ಕನ್ನಡದ ಅಕ್ಷರ, ಬೋರ್ಡು, ಪೋಸ್ಟರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಅಕ್ಷರದ ಕೆಲಸ ಮಾಡಿ ಹೊಟ್ಟೆ ಹೊರೆಯುವವನು ನಾನು. ಅಂಗಡಿ ಬೋರ್ಡು, ಪುಸ್ತಕದ ಮುಖಪುಟ, ಲಗ್ನಪತ್ರಿಕೆ, ಒಮ್ಮೊಮ್ಮೆ ದೊಡ್ಡ ಕಂಪನಿಯ ಜಾಹೀರಾತು. ಮದುವೆ ಮನೆಯಲ್ಲಿ ಸಿಕ್ಕವರು, ಪತ್ರ ಬರೆಯುವ ವಿದ್ಯಾರ್ಥಿಗಳು, ರಾತ್ರಿ ಹತ್ತಕ್ಕೆ ಫೋನ್ ಮಾಡುವ ಗಿರಾಕಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಆಮೇಲೆ.

## ಮೊದಲ ಮೆಟ್ಟಿಲು

ಫಾಂಟು, ಲೆಟರಿಂಗು, ಕ್ಯಾಲಿಗ್ರಫಿ ಎಲ್ಲಾ ಒಂದೇ ಅಲ್ವಾ?

ಅಲ್ಲ. ಫಾಂಟ್ ಎಂದರೆ ಒಮ್ಮೆ ಮಾಡಿಟ್ಟು ಸಾವಿರ ಸಲ ಬಳಸುವ ಅಚ್ಚು. ಅದರಲ್ಲಿ ‘ಕ’ ಎಲ್ಲಿ ಬಂದರೂ ಅದೇ ‘ಕ’. ಲೆಟರಿಂಗ್ ಎಂದರೆ ಒಂದು ಹೆಸರಿಗಾಗಿ ಕೂತು ಬಿಡಿಸಿದ ಅಕ್ಷರ. ಸಿನಿಮಾ ಶೀರ್ಷಿಕೆ, ಪತ್ರಿಕೆಯ ತಲೆಬರಹ, ಒಳ್ಳೆಯ ಲೋಗೋ ಎಲ್ಲ ಈ ಜಾತಿ. ಅಲ್ಲಿರುವ ‘ಕ’ ಇನ್ನೊಂದು ಕಡೆ ಹೊಂದಬೇಕೆಂದೇನಿಲ್ಲ. ಕ್ಯಾಲಿಗ್ರಫಿಯಲ್ಲಿ ಕೈಯ ಓಟವೇ ಮುಖ್ಯ, ಅಲ್ಲಿ ತಿದ್ದುವ ಮಾತಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಅಚ್ಚುಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದನ್ನು ಕಲ್ಲಿನಿಂದ ಕಾಗದಕ್ಕೆ ಇಳಿಸಿದ್ದು. ಹಾಗೆ ನೋಡಿದರೆ ನಮ್ಮ ಪತ್ರಿಕೋದ್ಯಮ ಶುರುವಾದದ್ದೇ ಫಾಂಟ್ ಇಲ್ಲದೆ.

ಕನ್ನಡದಲ್ಲಿ ನೂರಾರು ಫಾಂಟ್ ಇದೆಯಲ್ಲ, ಮತ್ತೆ ಯಾಕೆ ‘ಒಳ್ಳೆ ಫಾಂಟ್ ಇಲ್ಲ’ ಅಂತ ಅಳ್ತೀರಿ?

ನೂರಾರು ಹೆಸರುಗಳಿವೆ, ನೂರಾರು ವಿನ್ಯಾಸಗಳಿಲ್ಲ. ಹಳೆಯ ಸಾಫ್ಟ್‌ವೇರ್‌ಗಳ ಜೊತೆ ಬಂದ ಫಾಂಟುಗಳಲ್ಲಿ ಬಹಳಷ್ಟು ಒಂದೇ ಅಕ್ಷರಕ್ಕೆ ನೆರಳು ಹಾಕಿದ್ದು, ಓರೆ ಮಾಡಿದ್ದು, ಅಂಚು ಕಟ್ಟಿದ್ದು.

ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಬಿಡಿಸಿದರೆ ಅಡಿಪಾಯ ಬಿದ್ದಹಾಗೆ. ನಮ್ಮಲ್ಲಿ 34 ವ್ಯಂಜನಕ್ಕೆ ಕಾಗುಣಿತದ 15 ರೂಪ ಎಂದರೆ ಅಲ್ಲಿಗೇ 510. ಒತ್ತಕ್ಷರ ಬೇರೆ. ತುಂಡು ಜೋಡಿಸಿ ಒಂದಿಷ್ಟು ಉಳಿಸಬಹುದು, ಪೂರ್ತಿ ಅಲ್ಲ. ಗುಡಿಸು ಬಂದಾಗ ‘ಕ’ದ ತಲೆಕಟ್ಟು ಹೋಗಿ ‘ಕಿ’ ಆಗುತ್ತದೆ. ‘ಕು’ವಿನಲ್ಲಿ ಬಲಕ್ಕೆ ನಿಲ್ಲುವ ಕೊಂಬು ‘ಪು’, ‘ವು’ಗಳಲ್ಲಿ ಕೆಳಗಿಳಿದು ಕೂರುತ್ತದೆ. ಹಾಗೆ ಇಳಿಸದಿದ್ದರೆ ‘ವು’ ನೋಡುವವರ ಕಣ್ಣಿಗೆ ‘ಮ’ ಆಗಿಬಿಡುತ್ತದೆ. ಇಂಥ ಒಂದೊಂದನ್ನೂ ಕೈಯಿಟ್ಟು ತಿದ್ದಬೇಕು. ಅಷ್ಟು ದುಡಿದವರಿಗೆ ದುಡ್ಡು ಕೊಡುವವರು ಕಡಿಮೆ. ಕಾರಣ ಅಷ್ಟೇ.

ನುಡಿಯಲ್ಲಿ ಟೈಪ್ ಮಾಡಿದ್ದನ್ನ ವಾಟ್ಸಾಪಿಗೆ ಹಾಕಿದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ವೈರಸ್ಸಾ?

ವೈರಸ್ ಅಲ್ಲ ಸ್ವಾಮಿ. ನುಡಿ, ಶ್ರೀಲಿಪಿ, ಆಕೃತಿಯಂಥ ಕನ್ನಡ ಬರೆಯುವ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ಆ ಫಾಂಟ್ ಇರುವ ಕಂಪ್ಯೂಟರಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಮನೆಯ ಮಾಲೀಕ ಈಚೆ ಬರುತ್ತಾನೆ. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೆ ತನ್ನದೇ ನಿವೇಶನ ಇದೆ, ಅದರಲ್ಲಿ ಬರೆದದ್ದು ಎಲ್ಲೆಡೆ ಕನ್ನಡವಾಗಿಯೇ ಉಳಿಯುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ, ಆಯ್ಕೆ ಬದಲಿಸಿದರೆ ಸಾಕು.

ನುಡಿಯನ್ನು ಹಳಿಯಬೇಡಿ. ಅದರಲ್ಲಿ ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ಜೋಡಣೆ ಇಲ್ಲದಿದ್ದರೆ ನಾವೆಲ್ಲ ಇನ್ನೂ ಡಿಟಿಪಿಯವನ ಮುಂದೆ ಕಾಯುತ್ತ ಕೂತಿರುತ್ತಿದ್ದೆವು.

ದುಡ್ಡು ಕೊಡದೆ, ಕೇಸು ಬೀಳದೆ ಬಳಸೋ ಫಾಂಟ್ ಯಾವ್ದು?

ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡ ಎಂದು ಆರಿಸಿಕೊಳ್ಳಿ. ಅಲ್ಲಿರುವವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ನಾನು ಬಳಸುವ ಕ್ರಮ ಹೇಳುತ್ತೇನೆ. ಪುಸ್ತಕದ ಒಳಪುಟಕ್ಕೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ. ಮೊಬೈಲಿನ ಪರದೆಗೆ ನೋಟೋ ಸಾನ್ಸ್ ಕನ್ನಡ. ತುಂಟ, ದುಂಡು ದುಂಡು ಪೋಸ್ಟರಿಗೆ ಬಲೂ ತಮ್ಮ. ಕೈಬರಹದ ಗುಂಗು ಬೇಕಿದ್ದರೆ ಅಕಾಯ ಕನಡಕ. ಬೋರ್ಡಿಗೆ ಅನೇಕ್ ಕನ್ನಡ. ಅದರ ವಿಷಯ ಮುಂದೆ ಬರುತ್ತದೆ. ಬಲೂ ಮತ್ತು ಅನೇಕ್ ಎರಡೂ ಏಕ್ ಟೈಪ್ ಎಂಬ ತಂಡದ್ದು. ಇಬ್ಬರು ಅಣ್ಣತಮ್ಮಂದಿರ ಹಾಗೆ, ಗುಣ ಮಾತ್ರ ಬೇರೆ ಬೇರೆ.

ಬಲೂ ತಮ್ಮ ಮದುವೆ ಮನೆಗೂ ಸೈ, ಮಕ್ಕಳ ಪುಸ್ತಕಕ್ಕೂ ಸೈ ಅಂತ ಈಗ ಎಲ್ಲೆಲ್ಲೂ ಅದೇ. ಮೊನ್ನೆ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲೂ ಕಂಡೆ. ಸತ್ತವರ ಹೆಸರು ನಗುತ್ತಿದ್ದ ಹಾಗಿತ್ತು.

ಫೋಟೋಶಾಪಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತೆ, ಏನ್ಮಾಡ್ಲಿ ಸರ್?

‘ಶುದ್ಧ ಸಸ್ಯಾಹಾರಿ’ ಹೋಗಿ ‘ಶುದ್‌ಧ ಸಸ್‌ಯಾಹಾರಿ’ ಆಗುವ ಕಾಯಿಲೆ. ಊರಿಗೆ ನಾಲ್ಕು ಹೋಟೆಲಾದರೂ ಈ ಬೋರ್ಡು ಹೊತ್ತಿವೆ. ತಪ್ಪು ಫಾಂಟಿನದಲ್ಲ. ಹಳೆಯ ಆವೃತ್ತಿಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್ ತೆರೆದು, ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ಎಂಜಿನ್ ಆರಿಸಿ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಹಳೆಯ ಕಡತ ತೆರೆದಾಗ ಪಠ್ಯಕ್ಕೆ ಹಳೆಯ ಆಯ್ಕೆಯೇ ಅಂಟಿಕೊಂಡಿರಬಹುದು, ಅದನ್ನೂ ನೋಡಿಕೊಳ್ಳಿ.

ಅಚ್ಚಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಿಸಿ. ಇದನ್ನು ಕಲಿಯಲು ನಾನು ಒಂದು ದೊಡ್ಡ ಬೋರ್ಡಿನ ಬೆಲೆ ತೆತ್ತಿದ್ದೇನೆ. ನನ್ನ ಕಂಪ್ಯೂಟರಲ್ಲಿ ಸರಿ ಇದ್ದ ‘ಅನ್ನಪೂರ್ಣ’ ಅಚ್ಚಿನವರ ಕಂಪ್ಯೂಟರಲ್ಲಿ ಒತ್ತು, ಅರ್ಕಾವತ್ತು ಎರಡನ್ನೂ ಕಳಚಿಟ್ಟು ಹತ್ತಡಿ ಉದ್ದಕ್ಕೆ ಮಲಗಿತ್ತು. ತಪ್ಪು ಅವರದೂ ಹೌದು, ಆದರೆ ಬಿಲ್ಲು ನನ್ನ ಹೆಸರಿಗೆ ಬಂತು.

## ಬೀದಿಗೆ ಬಂದಾಗ

ಶೇ 60 ಕನ್ನಡ ಅಂದ್ರೆ ಏನು ಲೆಕ್ಕ? ನಮ್ಮ ಬೋರ್ಡು ಪಾಸಾ ಫೇಲಾ?

2024ರ ಜನವರಿ, ಫೆಬ್ರುವರಿಯಲ್ಲಿ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದು. ಅದಕ್ಕೆ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲೇ ಇರಬೇಕು ಎಂದಾಯಿತು. ಬೆಂಗಳೂರಲ್ಲಿ ಪಾಲಿಕೆ ಕೊಟ್ಟ ಗಡುವು ಫೆಬ್ರುವರಿ 28. ಹಿಂದಿನ ಡಿಸೆಂಬರಿನಲ್ಲಿ ಕನ್ನಡ ಬೋರ್ಡಿಗಾಗಿ ನಡೆದ ಹೋರಾಟದಲ್ಲಿ ಇಂಗ್ಲಿಷ್ ಬೋರ್ಡುಗಳು ಪುಡಿಯಾದದ್ದನ್ನು ನೋಡಿದ್ದವರು ಗಡುವಿಗೆ ಮುಂಚೆಯೇ ಓಡಿಬಂದಿದ್ದರು.

ಬೋರ್ಡು ಪಾಸೋ ಫೇಲೋ ಹೇಳಬೇಕಾದವರು ಅಧಿಕಾರಿಗಳು. ನಾನು ಹೇಳಬಲ್ಲದ್ದು ಕಣ್ಣಿನ ಲೆಕ್ಕ. ಆ ಎರಡು ತಿಂಗಳಲ್ಲಿ ನಡೆದದ್ದೇನು? ಇಂಗ್ಲಿಷಿಗೆಂದು ಮಾಡಿದ್ದ ಬೋರ್ಡಿನ ನೆತ್ತಿಯ ಮೇಲೆ ಕನ್ನಡದ ಪಟ್ಟಿ ಅಂಟಿಸಿದರು. ಶೇ 60 ತುಂಬಬೇಕಲ್ಲ, ಅಕ್ಷರವನ್ನು ಅಡ್ಡಡ್ಡ ಎಳೆದರು. ಎಳೆದಾಗ ನಿಂತ ಗೆರೆ ದಪ್ಪವಾಗಿ, ಮಲಗಿದ ಗೆರೆ ತೆಳುವಾಗೇ ಉಳಿದು, ‘ರ’ ಒತ್ತಿದ ಇಡ್ಲಿಯ ಹಾಗಾಯಿತು. ಅಳತೆಪಟ್ಟಿಗೆ ತೃಪ್ತಿ, ಓದುವವನಿಗೆ ಶಿಕ್ಷೆ.

ನಾನು ಮಾಡುವುದು ಹೀಗೆ. ಖಾಲಿ ಬೋರ್ಡಿನ ಮೇಲೆ ಮೊದಲು ಕನ್ನಡದ ಹೆಸರೊಂದನ್ನೇ ಇಟ್ಟು ಅದರ ಅಗಲ, ಎತ್ತರ ಗೊತ್ತು ಮಾಡಿಕೊಳ್ಳುತ್ತೇನೆ. ಅದಕ್ಕೆ ಒತ್ತು ಇದೆಯೇ, ಇದ್ದರೆ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿದ ಮೇಲೆಯೇ ಇಂಗ್ಲಿಷಿಗೆ ಜಾಗ. ಅಗಲ ಬೇಕೆಂದರೆ ಎಳೆಯುವ ಅಗತ್ಯವೇ ಇಲ್ಲ. ಅನೇಕ್ ಕನ್ನಡ ವೇರಿಯಬಲ್ ಫಾಂಟು, ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ವಿನ್ಯಾಸಕಾರರೇ ಅಗಲದ ರೂಪ ಬಿಡಿಸಿಟ್ಟಿರುವುದರಿಂದ ಗೆರೆ ಕೆಡುವುದಿಲ್ಲ. ಅದೂ ಪುಕ್ಕಟೆ. ಆದರೂ ಎಳೆದ ಬೋರ್ಡುಗಳೇ ದಿನಾ ಹುಟ್ಟುತ್ತಿವೆ. ನನಗೆ ಸಿಟ್ಟು ಬರುವುದು ಕಾನೂನಿನ ಮೇಲಲ್ಲ, ಈ ಸೋಮಾರಿತನದ ಮೇಲೆ.

ಹೆಸರು ಇಂಗ್ಲಿಷಿಂದು. ಅನುವಾದ ಮಾಡ್ಬೇಕಾ, ಹಾಗೇ ಕನ್ನಡದಲ್ಲಿ ಬರೆದ್ರೆ ಸಾಕಾ?

ಅಂಗಡಿ ಹೆಸರು ಅಂಕಿತನಾಮ, ಹಾಗೇ ಬರೆಯಿರಿ. ಏನು ಮಾರುತ್ತೀರಿ ಅನ್ನುವುದನ್ನು ಮಾತ್ರ ಜನ ಆಡುವ ಕನ್ನಡದಲ್ಲಿ ಹಾಕಿ. ‘ಬೇಕರಿ’ ಕನ್ನಡವೇ. ‘ಔಷಧ ಅಂಗಡಿ’ ಅಂದರೆ ಮೆಡಿಕಲ್ ಸ್ಟೋರಿಗಿಂತ ಬೇಗ ಮುಟ್ಟುತ್ತದೆ.

ಬರೆಯುವಾಗ ಇಂಗ್ಲಿಷ್ ಕಾಗುಣಿತ ನೋಡಿ ಬರೆಯಬೇಡಿ, ಬಾಯಲ್ಲಿ ಅಂದು ನೋಡಿ. ಅನುವಾದವನ್ನು ಇನ್ನೊಮ್ಮೆ ಓದಿ ನೋಡದೆ ಹಾಗೇ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ರಸ್ತೆಬದಿಯ ಒಂದು ಫಲಕ ಸಾಕು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಚಂದದ ಕನ್ನಡದ ಕೆಳಗೆ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಎಂದು ಇಂಗ್ಲಿಷಿನಲ್ಲಿತ್ತು. 2024ರಲ್ಲಿ ಅದರ ಚಿತ್ರ ದೇಶವೆಲ್ಲ ಸುತ್ತಿತು. ಅಲ್ಲಿ ಕೆಟ್ಟದ್ದು ಇಂಗ್ಲಿಷ್, ನಮ್ಮ ಬೀದಿಗಳಲ್ಲಿ ದಿನಾ ಕೆಡುವುದು ಕನ್ನಡ. ಅದು ಮಾತ್ರ ಅಷ್ಟು ಸುತ್ತುವುದಿಲ್ಲ.

ಮೂರು ಭಾಷೆ ಒಂದೇ ಫಲಕದಲ್ಲಿ ಇಡೋದು ಹೇಗೆ? ಮೆಟ್ರೋದಲ್ಲಿ ಮಾಡಿರಲಿಲ್ವಾ?

ಮಾಡಿದ್ದರು. 2017ರಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಕೂಗೆದ್ದು, ಫಲಕಗಳ ಹಿಂದಿಯ ಮೇಲೆ ಪಟ್ಟಿ ಬಿದ್ದು, ಕೊನೆಗೆ ಕನ್ನಡ, ಇಂಗ್ಲಿಷ್ ಎರಡೇ ಉಳಿದವು. ಅದರ ರಾಜಕೀಯ ಎಲ್ಲರಿಗೂ ಗೊತ್ತು. ಅಕ್ಷರದ ಕಡೆಯಿಂದ ನೋಡಿದರೆ ಇನ್ನೊಂದು ವಿಷಯ ಇದೆ: ರೈಲು ಹಿಡಿಯುವ ಅವಸರದಲ್ಲಿ ಎರಡು ಲಿಪಿಯ ನಡುವೆ ತನ್ನದನ್ನು ಹುಡುಕುವುದೂ ಮೂರರ ನಡುವೆ ಹುಡುಕುವುದೂ ಒಂದೇ ಅಲ್ಲ. ಲಿಪಿ ಹೆಚ್ಚಿದಷ್ಟೂ ಎಲ್ಲವೂ ಸಣ್ಣದಾಗುತ್ತವೆ.

ಇಂಗ್ಲಿಷ್ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಪಕ್ಕದ ಕನ್ನಡ ಅದೇ ಅಳತೆಯಲ್ಲಿದ್ದರೂ ಕುಳ್ಳಾಗಿ ಕಾಣುತ್ತದೆ, ಯಾಕೆಂದರೆ ಫಾಂಟಿನ ಎತ್ತರದಲ್ಲಿ ಗುಡಿಸು, ಒತ್ತುಗಳ ಪಾಲೂ ಸೇರಿದೆ. ‘ನ’, ‘ರ’ಗಳಂಥ ಮೈಯಕ್ಷರದ ಎತ್ತರ ಹಿಡಿದು ಹೊಂದಿಸಿ. ಪಾಯಿಂಟಿನ ಸಂಖ್ಯೆ ನಂಬಬೇಡಿ.

ಕೈಯಲ್ಲಿ ಬೋರ್ಡು ಬರೆಯೋ ಪೇಂಟರುಗಳು ಈಗ್ಲೂ ಸಿಗ್ತಾರಾ?

ಸಿಗುತ್ತಾರೆ, ಹುಡುಕಬೇಕು. ಲಾರಿ ಬಾಡಿ ಕಟ್ಟುವ ಗ್ಯಾರೇಜುಗಳ ಹತ್ತಿರ, ಸರ್ಕಾರಿ ಶಾಲೆಯ ಗೋಡೆ ಬರೆಯುವವರಲ್ಲಿ, ಹಳೇ ಪೇಟೆಯ ಗಲ್ಲಿಗಳಲ್ಲಿ ಕೇಳಿ. ಹಿಂದೆ ಗಾಂಧಿನಗರದ ಟಾಕೀಸುಗಳ ಮುಂದೆ ನಿಲ್ಲುತ್ತಿದ್ದ ಆಳೆತ್ತರ ಮೀರಿದ ಕಟೌಟು, ಬ್ಯಾನರುಗಳೆಲ್ಲ ಇಂಥ ಕೈಗಳ ಕೆಲಸ. ಡಿಜಿಟಲ್ ಅಚ್ಚು ಬಂದದ್ದೇ ತಡ, ಅವರಲ್ಲಿ ಬಹಳ ಜನ ಮನೆಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋದರು.

ಅವರು ಬರೆಯುವುದನ್ನು ಒಂದು ಸಲ ನಿಂತು ನೋಡಿ. ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಚಟ್ಟನೆ ಬಿಟ್ಟು ಎರಡು ಗೆರೆ ಮೂಡಿಸುತ್ತಾರೆ. ಸೀಮೆಸುಣ್ಣದಲ್ಲಿ ಅಕ್ಷರದ ಮೈ ಮಾತ್ರ ಗುರುತು ಮಾಡಿ, ಚಪ್ಪಟೆ ಬ್ರಷ್ಷಿನಿಂದ ಎನಾಮೆಲ್ ಬಣ್ಣ ತುಂಬುತ್ತಾರೆ. ಬ್ರಷ್ ಹಿಡಿದ ಕೈ ನಡುಗದ ಹಾಗೆ ಇನ್ನೊಂದು ಕೈಯಲ್ಲಿ ಕೋಲು ಆನಿಸಿಕೊಂಡಿರುತ್ತಾರೆ. ನೆರಳು ಕೊನೆಗೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಪೇಂಟರು ಒತ್ತಕ್ಷರವನ್ನು ಯಾವತ್ತೂ ಕೆಳಗಿನ ಗೆರೆ ದಾಟಿಸುವುದಿಲ್ಲ. ಮೇಲಿನ ಅಕ್ಷರವನ್ನೇ ಒಂದು ಚೂರು ಕುಗ್ಗಿಸಿ ಒತ್ತಿಗೆ ಜಾಗ ಮಾಡಿಕೊಡುತ್ತಾರೆ. ಬಸ್ಸಿನಲ್ಲಿ ಸೀಟು ಸರಿದು ಕೊಟ್ಟ ಹಾಗೆ. ಈ ಉಪಾಯ ಯಾವ ಫಾಂಟಿನಲ್ಲೂ ನಾನು ಕಂಡಿಲ್ಲ.

ಇಂಥ ಕೈಗಳನ್ನು ದಾಖಲಿಸುವ ಕೆಲಸವನ್ನು ದೆಹಲಿಯ ಹನೀಫ್ ಕುರೇಷಿ ‘ಹ್ಯಾಂಡ್‌ಪೇಂಟೆಡ್‌ಟೈಪ್’ ಎಂಬ ಹೆಸರಲ್ಲಿ ಶುರುಮಾಡಿದ್ದರು. ಬೀದಿ ಪೇಂಟರುಗಳ ಅಕ್ಷರವನ್ನು ಅವರ ಹೆಸರಿನಲ್ಲೇ ಫಾಂಟ್ ಮಾಡುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕನ್ನಡಕ್ಕೆ ಆ ಕೆಲಸ ಆ ಪ್ರಮಾಣದಲ್ಲಿ ಇನ್ನೂ ಆಗಬೇಕು.

ಫ್ಲೆಕ್ಸ್ ನಿಷೇಧ ಅಂತಾರೆ, ಮತ್ತೆ ಸರ್ಕಲ್ಲಿಗೊಂದು ನಗ್ತಾ ನಿಂತಿರುತ್ತಲ್ಲ?

ಎರಡೂ ನಿಜ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ಲೋಟಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಫ್ಲೆಕ್ಸು, ಹೋರ್ಡಿಂಗುಗಳು ರಾತ್ರೋರಾತ್ರಿ ಇಳಿದವು. ಕೆಲವು ತಿಂಗಳು ಊರಿಗೆ ಆಕಾಶ ಕಂಡಿತ್ತು. ಆಮೇಲೆ ಹುಟ್ಟುಹಬ್ಬಗಳು ಬಂದವು.

ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಲೆಗೆ ಪಿವಿಸಿ ಬಳಿದ ಹಾಳೆ. ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ಆದರೂ ಹಳ್ಳಿಯಲ್ಲಿ ಅದರ ಎರಡನೇ ಜನ್ಮ ಚೆನ್ನಾಗಿದೆ: ಹುಲ್ಲಿನ ಬಣವೆಗೆ ಹೊದಿಕೆ, ಕುರಿ ಕೊಟ್ಟಿಗೆಗೆ ಮಾಡು. ಶಾಸಕರು ಕೈಮುಗಿದು ನಿಂತ ಮುಖದ ಮೇಲೆ ರಾಗಿ ಒಣಗುವುದನ್ನೂ ನೋಡಿದ್ದೇನೆ. ಬಟ್ಟೆಯ ಬ್ಯಾನರ್ ಮಾಡಿಸಿ ಎಂದರೆ ಗಿರಾಕಿ ಕೇಳುವುದು ಒಂದೇ, ‘ಫೋಟೋ ಅಷ್ಟು ಫ್ರೆಶ್ಶಾಗಿ ಬರುತ್ತಾ?’ ಬರುವುದಿಲ್ಲ. ಇಪ್ಪತ್ತು ಮುಖಗಳ ಬದಲು ನಾಲ್ಕು ಅಕ್ಷರ ಹಾಕಿದರೆ ಬಟ್ಟೆಯೇ ಚೆಂದ.

## ಕಾಗದ, ಡಬ್ಬ, ಜಾಹೀರಾತು

ಜಾಹೀರಾತಿನ ಕನ್ನಡ ಯಾಕೆ ಯಾರೂ ಮಾತಾಡದ ಕನ್ನಡ?

ಕನ್ನಡಕ್ಕೆ ಅದು ಬಂದು ತಲುಪುವುದು ಕೊನೆಯ ಸಂಜೆ. ಕಲ್ಪನೆ ಮುಂಬೈಯಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹುಟ್ಟುತ್ತದೆ, ಚಿತ್ರ ತೆಗೆದಾಗುತ್ತದೆ, ವಿನ್ಯಾಸದ ಕಡತ ಮುಗಿದಾಗುತ್ತದೆ. ಆಮೇಲೆ ‘ನಾಳೆ ಬೆಳಗ್ಗೆ ಹತ್ತು ಭಾಷೆ ಬೇಕು’ ಎಂಬ ಸಂದೇಶ. ಅನುವಾದಕರಿಗೆ ಚಿತ್ರವನ್ನೂ ತೋರಿಸಿರುವುದಿಲ್ಲ. ಮೂರು ಪದದ ಇಂಗ್ಲಿಷ್ ಸಾಲು ಕೂತಿದ್ದ ಡಬ್ಬಿಯಲ್ಲಿ ‘ಅನುಭವಿಸಿಕೊಳ್ಳಿರಿ’ ಎಂಬ ರೈಲುಬೋಗಿ ಹಿಡಿಸಬೇಕು. ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡುತ್ತಾರೆ, ಪದ ಬದಲಿಸುವುದಿಲ್ಲ.

ನನ್ನನ್ನು ಕರೆದರೆ ಮೊದಲು ಕೇಳುವುದು, ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು. ಅಂಗಡಿಯವನು ಗಿರಾಕಿಗೆ ‘ಕೊಂಡುಕೊಳ್ಳಿರಿ’ ಅನ್ನುವುದಿಲ್ಲ. ಮೈಸೂರಲ್ಲಿ ‘ತಗೊಳ್ಳಿ’, ಧಾರವಾಡದಲ್ಲಿ ‘ತಗೋರಿ’. ಹುಬ್ಬಳ್ಳಿ ಆವೃತ್ತಿಗೆ ಬೇರೆ ಸಾಲು ಬರೆಸಿ ಎಂದರೆ ಖರ್ಚು ಎನ್ನುತ್ತಾರೆ. ಖರ್ಚು ಒಂದು ಸಾಲಿನದು, ಜಾಗದ ಬಾಡಿಗೆಯ ಮುಂದೆ ಅದೆಷ್ಟು?

ಮೈಸೂರು ಸ್ಯಾಂಡಲ್ ಡಬ್ಬ ಯಾಕೆ ಅಷ್ಟು ಹಳೇ ಥರ? ರೀಡಿಸೈನ್ ಮಾಡ್ಬಾರ್ದಾ?

ದಯವಿಟ್ಟು ಬೇಡ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಉದ್ಯಮ ಅದು, ಮೊದಲ ಮಹಾಯುದ್ಧದಿಂದಾಗಿ ಹೊರದೇಶಕ್ಕೆ ಹೋಗದೆ ಉಳಿದ ಶ್ರೀಗಂಧಕ್ಕೆ ದಾರಿ ಹುಡುಕಿದ್ದು. ಸಾಬೂನಿನ ರಸಾಯನ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಮೊಟ್ಟೆಯಾಕಾರದ ಬಿಲ್ಲೆ, ಆನೆತಲೆ ಸಿಂಹದ ಮೈ ಇರುವ ಶರಭದ ಗುರುತು, ಒಡವೆ ಪೆಟ್ಟಿಗೆಯಂಥ ಹೊದಿಕೆ, ಇವಿಷ್ಟೂ ಸೇರಿ ಓದು ಬಾರದವರಿಗೂ ಅಂಗಡಿಯ ಗೂಡಿನಲ್ಲಿ ದೂರದಿಂದ ಗುರುತು ಸಿಗುತ್ತದೆ. ಹೊಸ ಬ್ರ್ಯಾಂಡುಗಳು ಕೋಟಿ ಸುರಿದು ಗಳಿಸಲು ಒದ್ದಾಡುವುದು ಇದನ್ನೇ.

2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ಪ್ರಚಾರ ರಾಯಭಾರಿ ಮಾಡಿಕೊಂಡಾಗ, ಕನ್ನಡದ ನಟಿಯರಿಲ್ಲವೇ ಎಂದು ದೊಡ್ಡ ಜಗಳವೇ ಆಯಿತು. ಹೊರ ರಾಜ್ಯಗಳ ಮಾರುಕಟ್ಟೆಗಾಗಿ ಎಂದು ಸರ್ಕಾರ ಹೇಳಿತು. ನನಗೆ ಆ ಜಗಳದಲ್ಲಿ ಕಂಡದ್ದು ಬೇರೆ: ಸೋಪಿನ ಬಗ್ಗೆ ಜನ ಇಷ್ಟು ಹಕ್ಕಿನಿಂದ ಮಾತಾಡುತ್ತಾರೆಂದರೆ ಆ ಡಬ್ಬ ಎಷ್ಟು ಮನೆ ಹೊಕ್ಕಿದೆ ಎಂದು.

ಲಗ್ನಪತ್ರಿಕೆಗೆ ಯಾವ ಅಕ್ಷರ ಚೆಂದ?

ಅಜ್ಜಿ ಕನ್ನಡಕ ಇಲ್ಲದೆ ಮುಹೂರ್ತ ಓದಲು ಬರುವಂಥದ್ದು. ಹೆಸರುಗಳಿಗೆ ಬೇಕಾದರೆ ಬಳುಕು ಅಕ್ಷರ ಇಡಿ, ಸ್ಥಳ ಸಮಯಕ್ಕೆ ಬೇಡ. ಬಂಗಾರದ ಬಣ್ಣದ ಹಾಳೆ ಒತ್ತುವುದಾದರೆ ತೆಳು ಗೆರೆ ಬೇಡವೇ ಬೇಡ, ‘ಧ’ದ ಸೀಳು ಮುಚ್ಚಿ ‘ದ’ ಆಗಿ ವರನ ಹೆಸರೇ ಬದಲಾದೀತು.

ಪೋಸ್ಟರಲ್ಲಿ ೧೨೩ ಹಾಕ್ಲಾ, 123 ಹಾಕ್ಲಾ?

ಫೋನ್ ನಂಬರು, ಬೆಲೆ, ಸಮಯ: 123. ಪುಸ್ತಕದ ಅಧ್ಯಾಯ, ನಾಟಕೋತ್ಸವದ ತಾರೀಕು ದೊಡ್ಡದಾಗಿ ಅಲಂಕಾರಕ್ಕೆ ಬರುವಾಗ: ೧೨೩. ಎರಡನ್ನೂ ಒಂದೇ ಸಾಲಲ್ಲಿ ಕಲಸಬೇಡಿ.

## ಇನ್ನೂ ಒಳಗೆ

ಅಕ್ಷರ ಬೋಲ್ಡ್ ಮಾಡಿದ್ರೆ ಕನ್ನಡ ಯಾಕೆ ಕಣ್ಣು ಮುಚ್ಚಿಕೊಂಡ ಹಾಗೆ ಕಾಣುತ್ತೆ?

ನಮ್ಮ ಅಕ್ಷರಗಳ ಪ್ರಾಣ ಇರುವುದು ಪುಟ್ಟ ಗುರುತುಗಳಲ್ಲಿ. ‘ರ’ ಮತ್ತು ‘ಠ’ ನಡುವೆ ಒಂದು ಚುಕ್ಕೆ. ‘ಬ’ ಮತ್ತು ‘ಭ’ ನಡುವೆ ಒಂದು ಸೀಳು. ‘ವ’ ಮತ್ತು ‘ಪ’ ನಡುವೆ ತಲೆಕಟ್ಟಿನ ಬದಿಯ ಸಣ್ಣ ಬದಲಾವಣೆ, ‘ಪ’ ಮತ್ತು ‘ಷ’ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಗೆರೆ ದಪ್ಪವಾದಾಗ ಈ ಬಿಳಿ ಜಾಗಗಳೇ ಮೊದಲು ಮುಚ್ಚುವುದು. ಸಾಫ್ಟ್‌ವೇರಿನ ‘ಬಿ’ ಗುಂಡಿ ಒತ್ತಿದರೆ ಬೋಲ್ಡ್ ಇಲ್ಲದ ಫಾಂಟಿಗೆ ಅದು ಸುತ್ತಲೂ ಮಸಿ ಬಳಿಯುತ್ತದೆ, ಅಷ್ಟೇ. ನಿಜವಾದ ಬೋಲ್ಡಿನಲ್ಲಿ ವಿನ್ಯಾಸಕಾರರು ಹೊರಗೆ ದಪ್ಪ ಮಾಡುತ್ತಾ ಒಳಗಿನ ಟೊಳ್ಳನ್ನು ಕಾಪಾಡಿರುತ್ತಾರೆ, ಒತ್ತುಗಳ ಗೆರೆಯನ್ನು ಮೈಯಕ್ಷರಕ್ಕಿಂತ ತೆಳು ಇಟ್ಟಿರುತ್ತಾರೆ.

ಪರೀಕ್ಷೆಗೆ ಒಂದು ಪದ: ‘ಭಾಷಾಧಿಕಾರ’. ಬೋಲ್ಡಿನಲ್ಲಿ ಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ಓದಿ. ‘ಬಾಪಾದಿಕಾರ’ ಎಂದು ಕಂಡರೆ ಆ ಫಾಂಟ್ ಬೋರ್ಡಿಗಲ್ಲ.

ಸಾಲುಗಳ ನಡುವೆ ಎಷ್ಟು ಜಾಗ ಬಿಡ್ಬೇಕು?

ಇಂಗ್ಲಿಷಿನ ರೂಢಿಯಾದ, ಅಕ್ಷರದ ಅಳತೆಯ ಶೇ 120 ನಮಗೆ ಸಾಲದು. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಎಂದು ಎರಡೆರಡು ಒತ್ತು ಇಳಿಯುತ್ತವೆ, ಕೆಳಗಿನ ಸಾಲಿನಿಂದ ಗುಡಿಸು ತಲೆಯೆತ್ತುತ್ತದೆ. ಪುಸ್ತಕಕ್ಕೆ ನಾನು ಶೇ 145ರಿಂದ ಶುರುಮಾಡಿ ಫಾಂಟ್ ನೋಡಿ ಹೆಚ್ಚುಕಡಿಮೆ ಮಾಡುತ್ತೇನೆ. ಪೋಸ್ಟರಿನ ಎರಡು ಸಾಲಿನ ಶೀರ್ಷಿಕೆಗೆ ಸೂತ್ರ ಇಲ್ಲ. ಒತ್ತು ಎಲ್ಲಿ ಬೀಳುತ್ತದೋ ಅದರ ಕೆಳಗೆ ಗುಡಿಸಿಲ್ಲದ ಅಕ್ಷರ ಬರುವ ಹಾಗೆ ಸಾಲು ಮುರಿದರೆ, ಎರಡೂ ಸಾಲು ಬೆರಳಿಗೆ ಬೆರಳು ಹೆಣೆದ ಹಾಗೆ ಕೂರುತ್ತವೆ. ಅದು ಕೂಡಿಬಂದ ದಿನ ಊಟ ರುಚಿಸುತ್ತದೆ.

‘ಕರ್ನಾಟಕ’ದಲ್ಲಿ ಅರ್ಕಾವತ್ತು ಸರಿಯಾ, ‘ರ’ ಕೆಳಗೆ ‘ನ’ ಒತ್ತು ಸರಿಯಾ?

ಎರಡೂ ನಡೆಯುತ್ತವೆ: ಕರ್ನಾಟಕ, ಕರ‍್ನಾಟಕ. ಓದುಗರಿಗೆ ರೂಢಿಯಾದದ್ದು ಅರ್ಕಾವತ್ತು, ಪಠ್ಯಕ್ಕೆ ಅದನ್ನೇ ಇಡಿ. ಲೆಟರಿಂಗಿನಲ್ಲಿ ಮಾತ್ರ ಇದು ಕೈಗೆ ಸಿಕ್ಕ ವರ. ಅರ್ಕಾವತ್ತು ಪದವನ್ನು ಅಡ್ಡಕ್ಕೆ ಉದ್ದ ಮಾಡುತ್ತದೆ, ಒತ್ತು ಕೆಳಕ್ಕೆ ಬೆಳೆಸುತ್ತದೆ. ಬೋರ್ಡಿನ ಆಕಾರ ನೋಡಿ ಆರಿಸಬಹುದು. ಯೂನಿಕೋಡಿನಲ್ಲಿ ಎರಡನೆಯ ರೂಪ ಬೇಕಿದ್ದರೆ ‘ರ’ ಆದಮೇಲೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಹಾಕಿ ಆಮೇಲೆ ಹಲಂತ ಒತ್ತಬೇಕು.

ಕನ್ನಡ, ತೆಲುಗು ಹತ್ತಿರವೇ ಅಲ್ವಾ, ಒಂದಕ್ಕೆ ಮಾಡಿ ಇನ್ನೊಂದಕ್ಕೆ ತಿದ್ದಿದ್ರೆ ಆಗಲ್ವಾ?

ಆಗುತ್ತದೆ, ಹಾಗೆ ಮಾಡಿದ್ದು ಗೊತ್ತಾಗಿಯೂ ಬಿಡುತ್ತದೆ. ಎರಡೂ ಒಂದೇ ಬೇರಿನವು, ಶತಮಾನಗಳ ಕಾಲ ಒಟ್ಟಿಗೆ ನಡೆದವು. ಆದರೆ ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡಕ್ಕೆ ಹರಿದು ತುದಿಯಲ್ಲಿ ಕೊಕ್ಕೆಯಾಗುತ್ತದೆ. ಹಾಗಾಗಿ ತೆಲುಗು ಸಾಲು ಕುಣಿಯುತ್ತದೆ, ಕನ್ನಡ ಸಾಲಿಗೆ ಮೇಲೊಂದು ಮಾಡು ಇರುತ್ತದೆ. ತೆಲುಗಿನಿಂದ ತಿದ್ದಿದ ಕನ್ನಡದಲ್ಲಿ ಆ ಮಾಡು ಸೋರುತ್ತಿರುತ್ತದೆ.

ನಮ್ಮವರಲ್ಲದವರು ಕನ್ನಡ ಮಾಡಬಾರದು ಎಂದಲ್ಲ. ಮ್ಯಾಕಿನಲ್ಲಿರುವ ‘ಕನ್ನಡ ಎಂಎನ್’, ‘ಕನ್ನಡ ಸಂಗಮ್ ಎಂಎನ್’ ಫಾಂಟುಗಳ ಕೊನೆಯ ಎರಡಕ್ಷರ ಮಲೇಷ್ಯಾದ ತಮಿಳರಾದ ಮುತ್ತು ನೆಡುಮಾರನ್ ಅವರ ಹೆಸರಿನದು. ಹುಬ್ಬಳ್ಳಿ ಎಂಬ ಫಾಂಟ್ ಮಾಡಿದವರು ಎರಿನ್ ಮೆಕ್‌ಲಾಕ್ಲಿನ್.

ತುಳು ಲಿಪಿಗೂ ಯೂನಿಕೋಡ್ ಬಂತಂತೆ, ಹೌದಾ?

ಹೌದು. 2024ರ ಸೆಪ್ಟೆಂಬರಿನ ಯೂನಿಕೋಡ್ 16ನೇ ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಹೆಸರಿನಲ್ಲಿ ಸೇರಿತು. ಅದಕ್ಕೆ ಪ್ರಸ್ತಾವ ಬರೆದು ವರ್ಷಗಟ್ಟಲೆ ಓಲೆಗರಿ ಜಾಲಾಡಿದವರಲ್ಲಿ ವೈಷ್ಣವಿ ಮೂರ್ತಿ ಒಬ್ಬರು. ಮೇಲೆ ಹೇಳಿದ ಅಕಾಯ ಕನಡಕದ ಹಿಂದಿರುವ ಕೈಗಳಲ್ಲೂ ಒಂದು ಅವರದು. ಸಂಕೇತ ಸಿಕ್ಕಿತೆಂದರೆ ನಿವೇಶನ ಸಿಕ್ಕಿದಂತೆ. ಮನೆ ಕಟ್ಟುವುದು, ಅಂದರೆ ಬಗೆಬಗೆಯ ಫಾಂಟು, ಕೀಲಿಮಣೆ ಎಲ್ಲ ಊರೂರಿಗೆ ತಲುಪುವುದು, ಮುಂದಿನ ಕೆಲಸ.

ಎಐಗೆ ಹೇಳಿದ್ರೆ ಎರಡು ನಿಮಿಷಕ್ಕೆ ಪೋಸ್ಟರ್ ಮಾಡಿಕೊಡುತ್ತೆ. ನೀವ್ಯಾಕೆ ಬೇಕು?

ಹುಟ್ಟುಹಬ್ಬದ ಶುಭಾಶಯಕ್ಕೆ ನಾನು ಬೇಡ, ಖುಷಿಯಿಂದ ಒಪ್ಪುತ್ತೇನೆ. ಆದರೆ ಚಿತ್ರ ಮಾಡುವ ಯಂತ್ರಗಳು ಅಕ್ಷರವನ್ನೂ ಚಿತ್ರವೆಂದೇ ಬಿಡಿಸುತ್ತವೆ. ಕನ್ನಡದಂತೆ ಕಾಣುವ, ಕನ್ನಡವಲ್ಲದ ಸುರುಳಿಗಳು ಅಲ್ಲಿಂದಲೇ ಬರುವುದು. ಈಚೆಗೆ ಸುಧಾರಿಸಿದೆ, ಅದಕ್ಕೇ ಅಪಾಯ ಹೆಚ್ಚು. ಮೊದಲು ಪೂರ್ತಿ ಅಸಂಬದ್ಧ ಬರುತ್ತಿತ್ತು, ಯಾರಿಗಾದರೂ ತಿಳಿಯುತ್ತಿತ್ತು. ಈಗ ಹನ್ನೊಂದು ಅಕ್ಷರ ಸರಿಯಿದ್ದು ಹನ್ನೆರಡನೆಯದರ ಒತ್ತು ಬೇರೆಯದಾಗಿರುತ್ತದೆ.

ಬಳಸುವುದಾದರೆ ಅಕ್ಷರವಿಲ್ಲದ ಚಿತ್ರ ಕೇಳಿ, ಹೆಸರು ಬರುವ ಜಾಗ ಖಾಲಿ ಬಿಡಲು ಹೇಳಿ, ಅಕ್ಷರ ನೀವೇ ಕೂರಿಸಿ. ಇನ್ನೊಂದು ಮಾತು: ‘ಕರ್ನಾಟಕದ ಹಳ್ಳಿ ಮನೆ’ ಎಂದು ಕೇಳಿದರೆ ಅದು ಯಾವುದೋ ಊರಿನ ಅಂಗಳ ಕೊಡುತ್ತದೆ, ಹೆಂಗಸರ ಸೆರಗು ಬೇರೆ ಕಡೆಯದಾಗಿರುತ್ತದೆ. ಇಳಕಲ್ಲಿನ ಸೀರೆ ಉಡುವ ಕಡೆ ಅದನ್ನು ಹಚ್ಚಿದರೆ ಮೊದಲು ನಗುವವರು ಅವರೇ.

ನನಗೂ ಕನ್ನಡ ಫಾಂಟ್ ಮಾಡೋಕೆ ಆಸೆ. ಎಲ್ಲಿಂದ ಶುರು ಮಾಡ್ಲಿ?

ಸಾಫ್ಟ್‌ವೇರಿನಿಂದ ಬೇಡ. ಒಂದು ಚಪ್ಪಟೆ ತುದಿಯ ಪೆನ್ನು ತಗೊಂಡು ತಿಂಗಳು ದಿನ ಬರೆಯಿರಿ. ಊರಿನ ದೇವಸ್ಥಾನದ ಹತ್ತಿರ ಶಾಸನ ಇದ್ದರೆ ಹೋಗಿ ನೋಡಿ. ಹೊಯ್ಸಳರ ಕಾಲದ ಕಲ್ಲುಗಳಲ್ಲಿ ಒತ್ತನ್ನು ಕೂರಿಸಿದ ಜಾಣತನ ಈಗಲೂ ಕಲಿಸುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕ ಸಿಕ್ಕರೆ ಭೂತಕನ್ನಡಿ ಹಿಡಿದು ನೋಡಿ. ಬೆಂಗಳೂರಿನಲ್ಲೂ ರೆಕ್ಯಾವಿಕ್‌ನಲ್ಲೂ ನೆಲೆಯಿರುವ ಯೂನಿವರ್ಸಲ್ ಥರ್ಸ್ಟ್ ಎಂಬ ಫಾಂಟ್ ಸಂಸ್ಥೆ ಭಾರತೀಯ ಲಿಪಿಗಳ ಮುದ್ರಣದ ಚರಿತ್ರೆಯ ಮೇಲೆ ಒಳ್ಳೆಯ ಬರಹಗಳನ್ನು ಹಂಚಿಕೊಂಡಿದೆ, ಓದಿ.

ಆಮೇಲೆ ಆರೇ ಅಕ್ಷರ ಬಿಡಿಸಿ: ನ, ರ, ಪ, ಅ, ಕ, ಳ. ‘ನ’ದಲ್ಲಿ ತಲೆಕಟ್ಟು, ‘ರ’ದಲ್ಲಿ ದುಂಡು, ‘ಪ’ದಲ್ಲಿ ತೆರೆದ ಬಾಯಿ, ‘ಅ’ದಲ್ಲಿ ಒಳಸುರುಳಿ, ‘ಕ’ದಲ್ಲಿ ನಡುವಿನ ಅಡ್ಡಗೆರೆ, ‘ಳ’ದಲ್ಲಿ ಬೇರೆ ಯಾರ ಮಾತೂ ಕೇಳದ ಮೈಕಟ್ಟು. ಈ ಆರು ಒಂದೇ ಮನೆಯವರಂತೆ ಕಾಣುವ ತನಕ ಏಳನೆಯದಕ್ಕೆ ಹೋಗಬೇಡಿ. ನನ್ನ ಮೊದಲ ಫಾಂಟು ‘ಳ’ದ ಹತ್ತಿರ ನಿಂತು ನಾಲ್ಕು ವರ್ಷವಾಯಿತು. ಕಡತದ ಹೆಸರು ಈಗ ‘ಕೊನೆಯದು_9’.